ಅಮ್ಮನ ಹಣೆ, ಫ್ಯಾನು, ವ್ಯಾಸಪೀಠ: ಮನೆಯವರೊಂದಿಗೆ ಮಾತನಾಡಲು ಟ್ಯಾಬ್ ಕೊಳ್ಳಬೇಕೇ?

ಹೊಳೆಸಾಲು · ಜೂನ್ 8, ರಾತ್ರಿ 9:40

ಅಮ್ಮನಿಗೆ ಎಪ್ಪತ್ತೆಂಟು ವರ್ಷ. ಹೊಸನಗರ ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಕೆಲಸಕ್ಕೆ ಬರುವವರು ಮಧ್ಯಾಹ್ನದ ಹೊತ್ತಿಗೆ ಹೊರಟುಬಿಡುತ್ತಾರೆ. ನಾನಿರುವುದು ಬೆಂಗಳೂರಿನಲ್ಲಿ, ತಂಗಿ ಕ್ಯಾಲಿಫೋರ್ನಿಯಾದಲ್ಲಿ. ಮೂರು ವರ್ಷಗಳಿಂದ ದಿನವೂ ವಿಡಿಯೊ ಕರೆ ಮಾಡುತ್ತೇವೆ. ಆದರೆ ಈ ಮೂರು ವರ್ಷಗಳಲ್ಲಿ ಅಮ್ಮನ ಪೂರ್ತಿ ಮುಖ ಕಂಡದ್ದು ಬೆರಳೆಣಿಕೆಯಷ್ಟು ಸಲ. ಹಣೆ ಕಾಣುತ್ತದೆ, ಕುಂಕುಮ ಕಾಣುತ್ತದೆ, ಅದರಾಚೆ ಅಟ್ಟದ ಹಲಗೆ ಮತ್ತು ತಿರುಗುವ ಫ್ಯಾನು. ಮಾತಿನ ನಡುವೆ ಮರೆತು ಫೋನನ್ನು ಕಿವಿಗೆ ಹಿಡಿದಳೆಂದರೆ ತಂಗಿಗೂ ನನಗೂ ಓಲೆಯ ದರ್ಶನ ಮಾತ್ರ.

ಕೈ ನೋಯುತ್ತದೆ ಎಂದು ಐದು ನಿಮಿಷಕ್ಕೆ ಇಟ್ಟುಬಿಡುತ್ತಾಳೆ. ನೋಯದೆ ಏನು, ಫೋನನ್ನು ಮುಖದ ಮುಂದೆ ಎತ್ತಿ ಹಿಡಿದು ಕೂರುವುದು ನನಗೇ ಆಗುವುದಿಲ್ಲ.

ಈ ಮಳೆಗಾಲಕ್ಕೆ ಮುಂಚೆ ಮನೆಗೆ ಫೈಬರ್ ಸಂಪರ್ಕ ಬಂದಿದೆ. ಅದಕ್ಕೇ ಒಂದು ಟ್ಯಾಬ್ ಕೊಡಿಸೋಣ ಎಂದುಕೊಂಡಿದ್ದೇನೆ. ನನ್ನ ಸಂದೇಹಗಳು ಇಷ್ಟು: ಸಿಮ್ ಹಾಕುವ ಟ್ಯಾಬ್ ಬೇಕೇ, ವೈಫೈ ಮಾತ್ರ ಇದ್ದರೆ ಸಾಕೇ? ಅಮ್ಮನ ಸಂಖ್ಯೆ ಇರುವುದು ಕೀಪ್ಯಾಡ್ ಫೋನಿನಲ್ಲಿ; ಈಗ ವಿಡಿಯೊ ಕರೆಗೆ ಬಳಸುತ್ತಿರುವುದು ನನ್ನ ಹಳೆಯ ಫೋನು, ನನ್ನದೇ ಇನ್ನೊಂದು ಸಂಖ್ಯೆ. ಇದನ್ನೆಲ್ಲ ಟ್ಯಾಬ್‌ಗೆ ಹೇಗೆ ಹೊಂದಿಸುವುದು? ಮನೆಯ ಹಿರಿಯರಿಗೆ ಟ್ಯಾಬ್ ಕೊಟ್ಟವರು ದಯವಿಟ್ಟು ಅನುಭವ ಹೇಳಿ. ಜಾಹೀರಾತಿನ ಮಾತು ಬೇಡ.

ಟಾರ್ಚ್‌ಲೈಟ್ · ಜೂನ್ 8, ರಾತ್ರಿ 10:25

ಸಿಮ್ ಬೇಕಿಲ್ಲ. ಮನೆಯಲ್ಲೇ ಇರುವ ಟ್ಯಾಬ್‌ಗೆ ವೈಫೈ ಸಾಕು. ಸಿಮ್ ಹಾಕುವ ಟ್ಯಾಬ್‌ಗಳೆಲ್ಲ ಸಾಮಾನ್ಯ ಫೋನ್ ಕರೆ ಮಾಡುತ್ತವೆ ಎಂದೇನೂ ಇಲ್ಲ. ಕೆಲವಕ್ಕೆ ಸಿಮ್ ಇರುವುದು ಇಂಟರ್‌ನೆಟ್‌ಗಷ್ಟೇ. ಕೀಪ್ಯಾಡ್ ಫೋನನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ರಾತ್ರಿ ಕರೆಂಟು ಹೋಗಿ, ವೈಫೈ ಸತ್ತು, 112ಕ್ಕೆ ಕರೆ ಮಾಡಬೇಕಾಗಿ ಬಂದರೆ ಕೈಗೆ ಬರುವುದು ಅದೇ.

ಕೊಳ್ಳುವಾಗ ಎಲ್ಲರೂ ಮೆಮೊರಿ ಎಷ್ಟು ಎಂದು ಕೇಳುತ್ತಾರೆ. ನೀವು ಮುಂದಿನ ಕ್ಯಾಮೆರಾ ಎಲ್ಲಿದೆ ಎಂದು ನೋಡಿ. ಟ್ಯಾಬನ್ನು ಅಡ್ಡಲಾಗಿ ನಿಲ್ಲಿಸಿದಾಗ ಕ್ಯಾಮೆರಾ ಮೇಲಂಚಿನ ನಡುವೆ ಬರಬೇಕು. ಹಳೆಯ ಮಾದರಿಗಳಲ್ಲಿ ಅದು ಗಿಡ್ಡ ಅಂಚಿನಲ್ಲಿರುತ್ತಿತ್ತು. ಅಡ್ಡ ಇಟ್ಟರೆ ಕ್ಯಾಮೆರಾ ಎಡಕ್ಕೋ ಬಲಕ್ಕೋ ಹೋಗಿ, ಅಮ್ಮ ನಿಮ್ಮನ್ನೇ ನೋಡುತ್ತಿದ್ದರೂ ಪಕ್ಕದ ಗೋಡೆಯೊಂದಿಗೆ ಮಾತನಾಡುತ್ತಿರುವಂತೆ ಕಾಣುತ್ತದೆ. ಐಪ್ಯಾಡ್‌ನಲ್ಲೇ ಇದು ಉದ್ದ ಅಂಚಿಗೆ ಬಂದದ್ದು 2022ರ ಹತ್ತನೆಯ ಪೀಳಿಗೆಯಲ್ಲಿ. ಹಳೆಯದನ್ನು ಅಗ್ಗಕ್ಕೆ ಕೊಳ್ಳುವವರು ಇದೊಂದನ್ನು ನೋಡಿಕೊಳ್ಳಿ. ಆಮೇಲೆ ಧ್ವನಿ. ಎರಡೂ ಬದಿಗೆ ಸ್ಪೀಕರ್ ಇರುವುದನ್ನೇ ಆರಿಸಿ.

ವಾಟ್ಸ್ಆ್ಯಪ್ ವಿಷಯ. ಟ್ಯಾಬನ್ನು ಫೋನಿನ ಖಾತೆಗೆ ಜೋಡಿಸಬಹುದು. ಒಂದು ಫೋನಿಗೆ ಹೀಗೆ ನಾಲ್ಕು ಸಾಧನಗಳವರೆಗೆ ಜೋಡಿಸಲು ಅವಕಾಶವಿದೆ. ಆದರೆ ಮೂಲ ಫೋನನ್ನು 14 ದಿನ ಬಳಸದೆ ಬಿಟ್ಟರೆ ಜೋಡಿಸಿದ ಸಾಧನಗಳ ಸಂಪರ್ಕ ಕಡಿದುಹೋಗುತ್ತದೆ. ಇನ್ನೊಂದು ದಾರಿ, ಆಂಡ್ರಾಯ್ಡ್ ಟ್ಯಾಬ್‌ನಲ್ಲೇ ಅಮ್ಮನ ಸಂಖ್ಯೆಯನ್ನು ಹೊಸದಾಗಿ ನೋಂದಾಯಿಸುವುದು. ಆರಂಕಿಯ ಸಂಕೇತ ಕೀಪ್ಯಾಡ್ ಫೋನಿಗೆ ಎಸ್ಎಂಎಸ್ ಆಗಿ ಬರುತ್ತದೆ. ಅದನ್ನು ಟ್ಯಾಬ್‌ನಲ್ಲಿ ಹಾಕಿದರೆ ಮುಗಿಯಿತು. ನನ್ನ ಅತ್ತೆಗೆ ಹೀಗೇ ಮಾಡಿಕೊಟ್ಟಿದ್ದೇನೆ. ಐಪ್ಯಾಡ್‌ಗೆ ವಾಟ್ಸ್ಆ್ಯಪ್ ಬಂದದ್ದೇ 2025ರ ಮೇ ತಿಂಗಳಲ್ಲಿ, ಅದೂ ಫೋನಿಗೆ ಜೋಡಿಸುವ ರೀತಿಯಲ್ಲಿ. ನಿಮ್ಮ ಸಂದರ್ಭಕ್ಕೆ ಆಂಡ್ರಾಯ್ಡ್ ವಾಸಿ.

ಗಾಂಧಿಬಜಾರು · ಜೂನ್ 8, ರಾತ್ರಿ 11:02

ತಣ್ಣೀರೆರಚುತ್ತೇನೆ, ಬೇಸರಿಸಬೇಡಿ. ನಮ್ಮ ಅಮ್ಮನಿಗೂ ಕೊಡಿಸಿದ್ದೆವು. ಮೊದಲ ವಾರ ಊರಿಗೆಲ್ಲ ತೋರಿಸಿದರು. ಎರಡನೆಯ ವಾರ ಗೀರು ಬೀಳುತ್ತದೆಂದು ಮೃದುವಾದ ಟವೆಲಿನಲ್ಲಿ ಸುತ್ತಿಟ್ಟರು. ಮೂರನೆಯ ವಾರಕ್ಕೆ ಅದು ಬೀರುವಿನೊಳಗೆ, ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಜೊತೆಗಿತ್ತು. ನಾವು ಕರೆ ಮಾಡಿದರೆ ಬೀರು ರಿಂಗಾಗುತ್ತಿತ್ತು. ಬೀಗದ ಕೈ ಹುಡುಕುವಷ್ಟರಲ್ಲಿ ಕರೆ ಮುಗಿದಿರುತ್ತಿತ್ತು. ಕೊನೆಗೆ ಅವರೇ ತಮ್ಮ ಫೋನಿನಿಂದ ತಿರುಗಿ ಕರೆ ಮಾಡುತ್ತಿದ್ದರು. ಮತ್ತೆ ಹಣೆ, ಮತ್ತೆ ಫ್ಯಾನು.

ಹೊಳೆಸಾಲು · ಜೂನ್ 9, ಬೆಳಿಗ್ಗೆ 7:15

ಬೀರುವಿನ ಮಾತು ಓದಿ ನಗು ಬಂತು, ಹೆದರಿಕೆಯೂ ಆಯಿತು. ನಾವು ಕೊಡಿಸಿದ ಉಲ್ಲನ್ ಶಾಲು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ.

ನಿವೃತ್ತ ಮೇಷ್ಟರು · ಜೂನ್ 9, ಬೆಳಿಗ್ಗೆ 10:30

ನನಗೆ ಎಪ್ಪತ್ತನಾಲ್ಕು. ಹಿರಿಯರಿಗೆ ಏನು ಕೊಡಿಸಬೇಕೆಂದು ಕಿರಿಯರು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತಿದ್ದೀರಿ. ಆ ಹಿರಿಯರ ಪೈಕಿ ಒಬ್ಬನಾಗಿ ನಾಲ್ಕು ಮಾತು ಹೇಳುತ್ತೇನೆ.

ಟ್ಯಾಬ್ ದೊಡ್ಡದಿರುವುದರಿಂದ ಅನುಕೂಲ ಎಂದುಕೊಂಡಿದ್ದೀರಿ. ನನಗೆ ಅನುಕೂಲವಾದದ್ದು ಅದು ತಾನೇ ನಿಂತುಕೊಳ್ಳುವುದರಿಂದ. ನಿಲ್ಲಲು ಜಾಗವಿಲ್ಲದ ಟ್ಯಾಬ್ ಫೋನಿಗಿಂತ ಕಡೆ, ಏಕೆಂದರೆ ತೂಕ ಹೆಚ್ಚು. ಗಾಂಧಿಬಜಾರಿನವರ ತಾಯಿಯ ಟ್ಯಾಬ್ ಬೀರುವಿಗೆ ಹೋದದ್ದಕ್ಕೆ ಆಕೆಯನ್ನು ದೂರಬೇಡಿ. ಮನೆಯಲ್ಲಿ ಅದಕ್ಕೊಂದು ಸ್ಥಾನ ಕೊಡದೆ ನೀವು ಹೊರಟುಬಂದಿರಿ. ದೇವರಿಗೆ ಮಂಟಪವಿದೆ, ಗಡಿಯಾರಕ್ಕೆ ಮೊಳೆಯಿದೆ, ಇದಕ್ಕೆ ಏನಿತ್ತು?

ನನ್ನ ಟ್ಯಾಬ್ ಕೂರುವುದು ವ್ಯಾಸಪೀಠದ ಮೇಲೆ. ನಮ್ಮ ತಂದೆ ಮಳೆಗಾಲದ ಸಂಜೆಗಳಲ್ಲಿ ಭಾರತ ವಾಚನ ಮಾಡುತ್ತಿದ್ದಾಗ ಬಳಸಿದ್ದು. ಪುಸ್ತಕದ ಎಡ ಪುಟ ಒರಗುವ ಹಲಗೆಗೆ ಟ್ಯಾಬ್ ಒರಗುತ್ತದೆ. ಒಂದು ಎಚ್ಚರಿಕೆ: ಪೀಠವನ್ನು ನೆಲದ ಮೇಲಿಟ್ಟರೆ ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡಿ, ನಿಮ್ಮ ಮೂಗಿನ ಹೊಳ್ಳೆ ಮತ್ತು ಸೂರು ಕಾಣುತ್ತವೆ. ನಾನು ಅದನ್ನು ಅಕ್ಕಿ ಡಬ್ಬಿಯ ಮೇಲಿಟ್ಟು, ಚಾಪೆಯ ಮೇಲೆ ಕುಳಿತುಕೊಳ್ಳುತ್ತೇನೆ. ಕಣ್ಣಿಗೂ ಕ್ಯಾಮೆರಾಕ್ಕೂ ಒಂದೇ ಎತ್ತರ.

ಇನ್ನು ಬೆರಳು. ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ, ಗಾಜು ಅದನ್ನು ಒಪ್ಪುವುದಿಲ್ಲ. ಒಪ್ಪಲಿಲ್ಲವೆಂದು ನಾವು ಒತ್ತಿ ಹಿಡಿಯುತ್ತೇವೆ, ಅದಕ್ಕೆ ಬೇರೆ ಅರ್ಥವಿದೆಯೆಂದು ಯಾರೂ ಹೇಳಿರುವುದಿಲ್ಲ. ನನ್ನ ಮೊಮ್ಮಗಳು ಸೆಟ್ಟಿಂಗ್‌ನಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚಿಸಿ ಕೊಟ್ಟಳು. ಬೆರಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೂ ಆಗುತ್ತದೆ, ಪರದೆ ಮಾತ್ರ ಆಮೇಲೆ ದೋಸೆ ಕಾವಲಿಯಂತೆ ಕಾಣುತ್ತದೆ.

ಸಂದೇಶ ಬರೆಯಲು ಕೀಲಿಮಣೆ ಹಾಕಬೇಡಿ. ಗೂಗಲ್‌ನ ಜಿಬೋರ್ಡ್‌ನಲ್ಲಿ ಕನ್ನಡವನ್ನು ಕೈಬರಹದಲ್ಲೇ ಬರೆಯಬಹುದು. ಐವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಕೈ ನನ್ನದು, ಟ್ಯಾಬ್‌ನ ಅಗಲದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಫೋನಿನಲ್ಲಿ ‘ಸ್ತ್ರೀ’ ಬರೆಯುವಷ್ಟರಲ್ಲಿ ಬೆರಳು ಅಂಚಿನಾಚೆ ಬೀಳುತ್ತಿತ್ತು.

ಕಡಲತಡಿ · ಜೂನ್ 9, ಸಂಜೆ 6:50

ದುಬೈಯಿಂದ ಬರೆಯುತ್ತಿದ್ದೇನೆ. ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಿಗೆ ಒಂದು ಕಿವಿಮಾತು. ಇಲ್ಲಿ, ಯುಎಇಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಆ್ಯಪಲ್‌ನ ವಿಡಿಯೊ ಕರೆ ಫೇಸ್‌ಟೈಮ್ ಕೂಡ ಇಲ್ಲ. ಹಾಗಾಗಿ ನಮ್ಮ ಕಡೆಯವರೆಲ್ಲ ಬೋಟಿಮ್ ಎಂಬ ಕರೆಯ ಆ್ಯಪ್ ಬಳಸುತ್ತಾರೆ. ಊರಿಗೆ ಟ್ಯಾಬ್ ಒಯ್ದು ಕೊಡುವಾಗ ಮಕ್ಕಳಿರುವ ದೇಶದಲ್ಲಿ ಯಾವುದು ನಡೆಯುತ್ತದೆ ಎಂದು ನೋಡಿ ಅದನ್ನೇ ಹಾಕಿಕೊಡಿ. ಮನೆಯಲ್ಲಿ ಒಂದೇ ಗುಂಡಿ ಇರಲಿ. ನನ್ನ ತಾಯಿಯ ಟ್ಯಾಬ್‌ನ ಮೊದಲ ಪುಟದಲ್ಲಿ ಇರುವುದು ಮೂರೇ ಚಿತ್ರ: ನಾನು, ಅಕ್ಕ ಮತ್ತು ಪಂಚಾಂಗ.

ಎಂಬತ್ತರ ದಶಕದಲ್ಲಿ ನಮ್ಮ ತಂದೆ ಇಲ್ಲೇ ಇದ್ದರು. ಆಗ ಕ್ಯಾಸೆಟ್ಟು. ಉಡುಪಿಯ ಮನೆಯಲ್ಲಿ ಅಮ್ಮ, ಅಜ್ಜಿ, ನಾವು ಮಕ್ಕಳು ಟೇಪ್ ರೆಕಾರ್ಡರಿನ ಸುತ್ತ ಕುಳಿತು ಸರದಿಯಂತೆ ಮಾತನಾಡುತ್ತಿದ್ದೆವು. ಅಜ್ಜಿ ಪ್ರತಿ ಸಲವೂ ತೆಂಗಿನಕಾಯಿಯ ಲೆಕ್ಕ ಹೇಳುತ್ತಿದ್ದರು. ರಜೆ ಮುಗಿಸಿ ಹೊರಟವರ ಪೆಟ್ಟಿಗೆಯಲ್ಲಿ ಕ್ಯಾಸೆಟ್ಟು ಹೋಗುತ್ತಿತ್ತು. ಅಪ್ಪನ ಉತ್ತರ ಬರಲು ಎರಡು ತಿಂಗಳು. ಬಂದ ಮೇಲೆ ಅದನ್ನು ಟೇಪು ಸವೆಯುವವರೆಗೆ ಕೇಳುತ್ತಿದ್ದೆವು.

ಇದನ್ನೇಕೆ ಹೇಳಿದೆ ಎಂದರೆ, ವಿಡಿಯೊ ಕರೆ ಮುಗಿದ ಮೇಲೆ ಏನೂ ಉಳಿಯುವುದಿಲ್ಲ. ನಾನು ಈಗ ವಾರಕ್ಕೊಮ್ಮೆ ಎರಡು ನಿಮಿಷದ ವಿಡಿಯೊ ಮಾಡಿ ಕಳುಹಿಸುತ್ತೇನೆ. ತಾಯಿ ಅದನ್ನು ಬೇಕೆಂದಾಗ ಹಾಕಿಕೊಂಡು ನೋಡುತ್ತಾರೆ, ಪಕ್ಕದ ಮನೆಯವರಿಗೂ ತೋರಿಸುತ್ತಾರೆ. ಇಲ್ಲಿಗೂ ಊರಿಗೂ ಒಂದೂವರೆ ಗಂಟೆಯ ವ್ಯತ್ಯಾಸ ಅಷ್ಟೇ, ಆದರೆ ನನ್ನ ಪಾಳಿ ಮುಗಿಯುವಾಗ ಅವರು ಮಲಗಿರುತ್ತಾರೆ.

ಬಿಳಿಜೋಳ · ಜೂನ್ 10, ಬೆಳಿಗ್ಗೆ 9:05

ಇಲ್ಲಿ ಎಲ್ಲರೂ ಮಾತು, ಧ್ವನಿ ಎನ್ನುತ್ತಿದ್ದೀರಿ. ನನ್ನ ತಮ್ಮನಿಗೆ ಕಿವಿ ಕೇಳುವುದಿಲ್ಲ. ಅವನ ಭಾಷೆ ಸಂಜ್ಞೆಯದು. ಅವನು ಪುಣೆಯಲ್ಲಿ, ನಾವು ವಿಜಯಪುರದಲ್ಲಿ. ಟ್ಯಾಬ್ ಬಂದ ಮೇಲೆ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಹೇಳಲೇಬೇಕು.

ಫೋನಿನಲ್ಲಿ ಒಂದು ಕೈ ಫೋನ್ ಹಿಡಿಯಲು ಹೋಗುತ್ತದೆ. ಉಳಿದ ಒಂದು ಕೈಯಲ್ಲಿ ಅವನು ಹೇಳುವುದು ಅರ್ಧ ಮಾತು. ನೀವು ಒಂದು ವಾಕ್ಯದಲ್ಲಿ ಕ್ರಿಯಾಪದ ಬಿಟ್ಟು ಮಾತನಾಡಿ ನೋಡಿ, ಹಾಗೆ. ಗೋಡೆಗೋ ತಂಬಿಗೆಗೋ ಆನಿಸಿ ಇಟ್ಟರೆ ಮುಖ ಕಂಡಾಗ ಕೈ ಕಾಣುವುದಿಲ್ಲ, ಕೈ ಕಂಡಾಗ ಮುಖ ಕಾಣುವುದಿಲ್ಲ. ಸಂಜ್ಞೆಗೆ ಎರಡೂ ಬೇಕು. ಹುಬ್ಬು ಏರಿಸಿದರೆ ಅದು ಪ್ರಶ್ನೆ, ಏರಿಸದಿದ್ದರೆ ಹೇಳಿಕೆ. ಟ್ಯಾಬನ್ನು ನಾಲ್ಕು ಅಡಿ ದೂರದಲ್ಲಿ ಮೇಜಿನ ಮೇಲೆ ನಿಲ್ಲಿಸಿದಾಗ ಸೊಂಟದಿಂದ ತಲೆಯವರೆಗೆ ಕಾಣುತ್ತದೆ, ಅಷ್ಟು ದೂರದಿಂದಲೂ ಅವನ ಬೆರಳು ನಮಗೆ ಕಾಣುತ್ತದೆ. ನಮ್ಮ ಅವ್ವ ಅವನಿಗೆ ಎರಡೂ ಕೈಯೆತ್ತಿ ಬೈದದ್ದನ್ನು ನೋಡಿ ಅವನು ಬಿದ್ದುಬಿದ್ದು ನಕ್ಕ. ದೂರದಿಂದ ಅಷ್ಟು ಪೂರ್ತಿಯಾಗಿ ಬೈಸಿಕೊಂಡದ್ದು ಅದೇ ಮೊದಲು.

ಬೆಳಕು ಮುಖದ ಮುಂದಿರಲಿ. ಹಿಂದೆ ಬಾಗಿಲು ತೆರೆದಿದ್ದರೆ ಬರೀ ಕಪ್ಪು ನೆರಳು ಕಾಣುತ್ತದೆ. ಹೂವಿನ ಚಿತ್ತಾರದ ಸೀರೆಯ ಮುಂದೆ ಕೈ ಆಡಿಸಿದರೆ ಬೆರಳು ಕಳೆದುಹೋಗುತ್ತದೆ. ಅವ್ವ ಈಗ ಕರೆಗೆ ಮುಂಚೆ ಹೆಗಲಿಗೆ ಒಂದು ಬಣ್ಣದ ಟವೆಲ್ ಹೊದ್ದುಕೊಳ್ಳುತ್ತಾಳೆ. ಸಿಗ್ನಲ್ ಸೊರಗಿದರೆ ನಿಮಗೆ ಧ್ವನಿಯಾದರೂ ಉಳಿಯುತ್ತದೆ, ನಮಗೆ ಕೈಗಳು ಮಂಜಾಗುತ್ತವೆ, ಅಲ್ಲಿಗೆ ಮಾತೇ ಮುಗಿಯಿತು. ಮತ್ತೊಂದು, ನಾಲ್ಕೈದು ಜನರ ಕರೆಯಲ್ಲಿ ಶಬ್ದ ಮಾಡಿದವರ ಚಿತ್ರ ಮುಂದೆ ಬರುತ್ತದೆ. ನನ್ನ ತಮ್ಮ ಎಷ್ಟು ಹೇಳಿದರೂ ಮೂಲೆಯಲ್ಲೇ ಇರುತ್ತಾನೆ, ಕೆಮ್ಮಿದ ಮಾವ ಮುಂದೆ ಬರುತ್ತಾನೆ. ಅವನ ಚಿತ್ರವನ್ನು ನಾವೇ ಒತ್ತಿ ದೊಡ್ಡದು ಮಾಡಿಕೊಳ್ಳಬೇಕು.

ಅವನು ಊರಿಗೆ ಬಂದಾಗ ಅಂಗಡಿ, ಬ್ಯಾಂಕಿಗೆ ಅದೇ ಟ್ಯಾಬ್ ಒಯ್ಯುತ್ತಾನೆ. ಎದುರಿನವರು ಆಡಿದ್ದನ್ನು ಅಕ್ಷರವಾಗಿ ತೋರಿಸುವ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್‌ನಲ್ಲಿ ಕನ್ನಡವೂ ಇದೆ. ಪುಸ್ತಕದ ಕನ್ನಡವನ್ನು ಚೆನ್ನಾಗಿ ಹಿಡಿಯುತ್ತದೆ. ನಮ್ಮ ಕಡೆಯ ಮಾತಿಗೆ ತಡವರಿಸುತ್ತದೆ.

ಗಡಿಯಾರದ ಆಚೆ · ಜೂನ್ 10, ಬೆಳಿಗ್ಗೆ 11:20

ನಾನೂ ಕ್ಯಾಲಿಫೋರ್ನಿಯಾದವಳೇ. ಅಪ್ಪ ಕರೆ ಎತ್ತದಿದ್ದರೆ ಇಲ್ಲಿ ಜೀವ ಹಾರಿಹೋಗುತ್ತದೆ. ಐಪ್ಯಾಡ್‌ನ ಸೆಟ್ಟಿಂಗ್‌ಗಳಲ್ಲಿ, ಅಂಗವಿಕಲರ ಅನುಕೂಲಕ್ಕೆಂದು ಇರುವ ವಿಭಾಗದಲ್ಲಿ, ಕರೆ ತಾನಾಗಿಯೇ ಎತ್ತಿಕೊಳ್ಳುವ ಏರ್ಪಾಡು ಇದೆ. ಇಷ್ಟು ಸೆಕೆಂಡ್ ರಿಂಗಾದ ಮೇಲೆ ಫೇಸ್‌ಟೈಮ್ ತೆರೆದುಕೊಳ್ಳುತ್ತದೆ. ಅಪ್ಪ ಏನೂ ಒತ್ತಬೇಕಿಲ್ಲ. ನಮಗೆ ನೆಮ್ಮದಿ.

ನಿವೃತ್ತ ಮೇಷ್ಟರು · ಜೂನ್ 10, ಮಧ್ಯಾಹ್ನ 12:10

ನಿಮಗೆ ನೆಮ್ಮದಿ, ಸರಿ. ಅಪ್ಪನನ್ನು ಕೇಳಿದಿರಾ? ನಾನು ಪಂಚೆ ಮಡಚಿ ಕಟ್ಟಿಕೊಂಡು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರುವಾಗ ಪರದೆಯಲ್ಲಿ ಸೊಸೆ ಪ್ರತ್ಯಕ್ಷಳಾದರೆ ನೆಮ್ಮದಿ ಯಾರಿಗೆ? ಬಾಗಿಲು ತಟ್ಟದೆ ಒಳಗೆ ಬರುವುದನ್ನು ನಾವು ಮಕ್ಕಳಿಗೆ ಕಲಿಸಿರಲಿಲ್ಲ. ಕರೆ ಎತ್ತದಿರುವುದೂ ಒಂದು ಉತ್ತರ. ಕೆಲವು ಸಲ ಮಾತನಾಡಲು ಮನಸ್ಸಿರುವುದಿಲ್ಲ, ಅಷ್ಟೇ.

ಹಗಲುಪಾಳಿ · ಜೂನ್ 10, ರಾತ್ರಿ 8:45

ಮೇಷ್ಟರು ಹೇಳಿದ್ದು ಸರಿ, ಆದರೆ ಎಲ್ಲ ಮನೆಗೂ ಅಲ್ಲ. ನನ್ನ ತಂದೆಗೆ ಪಾರ್ಶ್ವವಾಯು ಬಡಿದು ಬಲಗೈ ನಿಂತಿದೆ, ಮಾತೂ ಹೋಗಿದೆ. ಅರ್ಥವಾಗುತ್ತದೆ, ಹೇಳಲು ಪದ ಬರುವುದಿಲ್ಲ. ಅವರಿಗೆ ಕರೆ ತಾನಾಗಿಯೇ ತೆರೆಯದಿದ್ದರೆ ನಾನು ಕಚೇರಿಯಿಂದ ಅವರನ್ನು ನೋಡುವ ದಾರಿಯೇ ಇಲ್ಲ. ನಾವು ಮಾಡಿಕೊಂಡ ಒಪ್ಪಂದ ಇದು: ಮಧ್ಯಾಹ್ನ ಒಂದಕ್ಕೆ ಮತ್ತು ಸಂಜೆ ಐದಕ್ಕೆ ಮಾತ್ರ ಕರೆ. ಉಳಿದ ಹೊತ್ತು ನೋಡಿಕೊಳ್ಳುವಾಕೆ ಟ್ಯಾಬನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತಾಳೆ. ಒಪ್ಪಿಗೆಯೇ ಎಂದು ಕೇಳಿದಾಗ ಅಪ್ಪ ಎಡಗೈಯ ಹೆಬ್ಬೆರಳು ಎತ್ತಿದರು.

ಮಾತಿಗೂ ಅದೇ ಟ್ಯಾಬ್. ವಾಕ್ ಚಿಕಿತ್ಸಕಿಯ ಸಲಹೆಯಂತೆ ಪರದೆಯ ಮೇಲೆ ಫೋಟೊಗಳ ಚೌಕ ಮಾಡಿದ್ದೇವೆ. ನೀರು, ನೋವು, ಫ್ಯಾನು, ಮಗಳು, ಸಾಕು. ನಮ್ಮದೇ ಲೋಟ, ನಮ್ಮದೇ ಫ್ಯಾನಿನ ಫೋಟೊ. ಒತ್ತಿದರೆ ನನ್ನ ಧ್ವನಿಯಲ್ಲಿ ಆ ಪದ ಕೇಳುತ್ತದೆ. ಮೊದಲು ಸಿದ್ಧ ಚಿತ್ರಗಳನ್ನು ಹಾಕಿದ್ದೆವು. ಅಪ್ಪ ಅವನ್ನು ಮುಟ್ಟಲೇ ಇಲ್ಲ. ಹೆಚ್ಚು ಒತ್ತುವುದು ‘ಸಾಕು’. ಒಮ್ಮೆ ನಾನು ಕಚೇರಿಯ ಕಥೆ ಹೇಳುತ್ತಿದ್ದಾಗಲೂ ಒತ್ತಿದರು.

ಹಳೇ ಕ್ಯಾಷಿಯರ್ · ಜೂನ್ 11, ಬೆಳಿಗ್ಗೆ 6:30

ನಡುವೆ ಒಂದು ಒಣ ಮಾತು. ಒಂಟಿ ಹಿರಿಯರ ಕೈಗೆ ವಿಡಿಯೊ ಕರೆ ಬಂತೆಂದರೆ ವಂಚಕರಿಗೂ ಬಾಗಿಲು ಬಂತು. ಪೊಲೀಸ್ ಸಮವಸ್ತ್ರ ತೊಟ್ಟವನು ಪರದೆಯಲ್ಲಿ ಬಂದು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇನೆ, ಕರೆ ಕತ್ತರಿಸಬೇಡಿ ಎನ್ನುತ್ತಾನೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಅಪರಿಚಿತ ಸಂಖ್ಯೆಗಳ ಕರೆ ರಿಂಗಾಗದಂತೆ ಮಾಡುವ ಸೆಟ್ಟಿಂಗ್ ಇದೆ, ಮೊದಲು ಅದನ್ನು ಹಾಕಿ. ಪರದೆ ಹಂಚಿಕೊಳ್ಳಿ ಎಂದು ಯಾರು ಹೇಳಿದರೂ ಕರೆ ಕತ್ತರಿಸಬೇಕೆಂದು ಹೇಳಿಕೊಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಟ್ಯಾಬ್‌ನಲ್ಲಿ ಬ್ಯಾಂಕಿನ ಆ್ಯಪ್ ಹಾಕಲೇಬೇಡಿ. ಸಿಮ್ ಇಲ್ಲದ ಟ್ಯಾಬ್‌ನಲ್ಲಿ ಯುಪಿಐ ನಡೆಯುವುದೂ ಇಲ್ಲ, ಈ ಲೆಕ್ಕದಲ್ಲಿ ಅದು ವರವೇ.

ಟಾರ್ಚ್‌ಲೈಟ್ · ಜೂನ್ 11, ಬೆಳಿಗ್ಗೆ 9:00

ಹೊಳೆಸಾಲು ಅವರಿಗೆ ಮರೆತಿದ್ದೆ: ನಿಮ್ಮ ಕಡೆ ಮಳೆಗಾಲದ ಕರೆಂಟು ಹೇಗೆಂದು ಗೊತ್ತು. ಟ್ಯಾಬ್‌ಗೆ ಬ್ಯಾಟರಿ ಇದೆ, ರೂಟರಿಗೆ ಇಲ್ಲ. ಮನೆಗಳ ರೂಟರುಗಳು ಹೆಚ್ಚಾಗಿ 12 ವೋಲ್ಟಿನವು, ಅದಕ್ಕೆಂದೇ ಅಂಗೈಯಗಲದ ಯುಪಿಎಸ್ ಸಿಗುತ್ತದೆ. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿ ಕೊಳ್ಳಿ. ಹಗಲಿರುಳು ಚಾರ್ಜಿಗೆ ಹಾಕಿಟ್ಟ ಟ್ಯಾಬ್‌ನ ಬ್ಯಾಟರಿ ಉಬ್ಬಿದ್ದನ್ನು ನೋಡಿದ್ದೇನೆ. ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಬಿಡಿ.

ಹೊಳೆಸಾಲು · ಜುಲೈ 20, ರಾತ್ರಿ 9:15

ಕೊಂಡೆ. ಹನ್ನೊಂದು ಇಂಚಿನದು, ಆಂಡ್ರಾಯ್ಡ್, ವೈಫೈ ಮಾತ್ರ. ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆ.

ಮೊದಲ ತಪ್ಪು ನನ್ನದೇ. ಅವಸರದಲ್ಲಿ ಟ್ಯಾಬನ್ನು ನನ್ನ ವಾಟ್ಸ್ಆ್ಯಪ್‌ಗೇ ಜೋಡಿಸಿ ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ನನ್ನ ಮೇಲಧಿಕಾರಿ ಕೇಳಿದ ಲೆಕ್ಕಪತ್ರಕ್ಕೆ ಉತ್ತರವಾಗಿ ನನ್ನ ಹೆಸರಿನಲ್ಲಿ ಎರಡು ಗುಲಾಬಿ, ಒಂದು ಕೈಮುಗಿದ ಚಿತ್ರ ಹೋಗಿತ್ತು. ಅಮ್ಮನಿಗೆ ಯಾರೋ ಶುಭೋದಯ ಹೇಳಿದ್ದಾರೆಂದು ಅನಿಸಿತ್ತಂತೆ. ಅದೂ ಸಾಲದೆಂದು ಪಕ್ಕದಲ್ಲೇ ಇದ್ದ ಹಳೆಯ ಫೋನಿನಲ್ಲೂ ಅದೇ ಕರೆಗೆ ಸೇರಿಕೊಂಡಿದ್ದಳು. ಎರಡರ ಧ್ವನಿ ಒಂದರೊಳಗೊಂದು ನುಗ್ಗಿ ಕೂಗುಮಾರಿಯಂತೆ ಊಳಿಟ್ಟಿತು. ಮುಂದಿನ ವಾರ ಹೋದಾಗ ಕೀಪ್ಯಾಡ್ ಫೋನಿನ ಸಂಖ್ಯೆಯನ್ನೇ ನೋಂದಾಯಿಸಿ, ಹಳೆಯ ಫೋನನ್ನು ಹೊತ್ತುಕೊಂಡು ಬಂದೆ.

ವ್ಯಾಸಪೀಠ ನಮ್ಮ ಅಟ್ಟದಲ್ಲೂ ಇತ್ತು. ಅಜ್ಜನದು, ಹಲಸಿನ ಮರದ್ದು. ಅದರ ಮೇಲೆ ಟ್ಯಾಬ್ ಇಡಲು ಅಮ್ಮ ಮೊದಲು ಒಪ್ಪಲಿಲ್ಲ. ಪುರಾಣ ಇಟ್ಟ ಜಾಗ ಎಂದಳು. ತಂಗಿ ಅಲ್ಲಿಂದ, ನಾನೇನು ಪುರಾಣಕ್ಕಿಂತ ಕಡಿಮೆ ಮಾತನಾಡುತ್ತೇನೆಯೇ ಎಂದು ಕೇಳಿದ ಮೇಲೆ ನಕ್ಕು ಬಿಟ್ಟುಕೊಟ್ಟಳು. ಈಗ ಅಡುಗೆಮನೆಗೂ ನಡುಮನೆಗೂ ನಡುವೆ, ಮೆಟ್ಟುಗತ್ತಿಯ ಎದುರು, ಭತ್ತದ ಕಣಜದ ಮೇಲೆ ಅದು ಕುಳಿತಿದೆ. ಎದುರಿನ ಕಿಟಕಿಯಿಂದ ಬೆಳಕು ಬೀಳುತ್ತದೆ.

ನಮ್ಮ ಬೆಳಿಗ್ಗೆ ಎಂಟು ಎಂದರೆ ತಂಗಿಗೆ ಹಿಂದಿನ ಸಂಜೆ ಏಳೂವರೆ. ಅಮ್ಮ ಮೆಟ್ಟುಗತ್ತಿಯ ಮೇಲೆ ಕುಳಿತು ಬಸಳೆ ಹೆಚ್ಚುತ್ತಾಳೆ, ಅಲ್ಲಿ ತಂಗಿ ಚಪಾತಿ ಲಟ್ಟಿಸುತ್ತಾಳೆ. ನಾನು ಬಸ್ಸಿನಲ್ಲಿ ಧ್ವನಿ ಮುಚ್ಚಿ ಇಬ್ಬರನ್ನೂ ನೋಡುತ್ತೇನೆ. ಮೊದಲೆಲ್ಲ ಕರೆ ಎಂದರೆ ಊಟವಾಯಿತೇ, ಮಾತ್ರೆ ತೆಗೆದುಕೊಂಡೆಯಾ, ಮಳೆ ಇದೆಯೇ, ಇಡಲೇ. ಮೊನ್ನೆ ಇಪ್ಪತ್ತು ನಿಮಿಷ ಯಾರೂ ಮಾತನಾಡಲಿಲ್ಲ. ಮಳೆಯ ಸದ್ದು, ಲಟ್ಟಣಿಗೆಯ ಸದ್ದು. ಆಮೇಲೆ ಅಮ್ಮ ಇದ್ದಕ್ಕಿದ್ದಂತೆ, ಎಡಗಾಲಿನ ಪಾದ ರಾತ್ರಿ ಜುಮುಗುಡುತ್ತದೆ ಎಂದಳು. ಆರು ತಿಂಗಳಿಂದ ಹಾಗಾಗುತ್ತಿದೆಯಂತೆ. ಮೂರು ವರ್ಷ ದಿನವೂ ‘ಆರೋಗ್ಯ ಹೇಗಿದೆ’ ಎಂದು ಕೇಳಿದ್ದೆವು, ‘ಚೆನ್ನಾಗಿದ್ದೇನೆ’ ಎಂದಿದ್ದಳು. ಸಾಗರದ ವೈದ್ಯರಿಗೆ ತೋರಿಸಿದ್ದೇವೆ. ಸಕ್ಕರೆ ಕಾಯಿಲೆ ಎಂದಿದ್ದಾರೆ, ಚಿಕಿತ್ಸೆ ಶುರುವಾಗಿದೆ.

ಸಾಕೆನಿಸಿದಾಗ ಪರದೆಯ ಮೇಲೆ ತೊಳೆದ ಒಂದು ಪಾವಡ ಹಾಕುತ್ತಾಳೆ. ಅದು ಮೇಷ್ಟರು ಹೇಳಿದ ಬಾಗಿಲು ಎಂದುಕೊಂಡು ನಾವು ತೆಗೆಸುವುದಿಲ್ಲ.

ಗಾಂಧಿಬಜಾರು · ಜುಲೈ 20, ರಾತ್ರಿ 10:05

ಬೀರು ತೆಗೆಸಿದ್ದೇನೆ. ವ್ಯಾಸಪೀಠದ ಮೇಲೆ ಇಟ್ಟರೆ ಚಾರ್ಜರಿನ ತಂತಿ ಎಲ್ಲಿಂದ ಹೋಗುತ್ತದೆ? ಹಲಗೆಗೆ ಒತ್ತಿಕೊಳ್ಳುವುದಿಲ್ಲವೇ?

ಹೊಳೆಸಾಲು · ಜುಲೈ 20, ರಾತ್ರಿ 10:20

ಒತ್ತಿಕೊಳ್ಳುತ್ತದೆ. ಅದಕ್ಕೆ ಬಲಗಡೆಯ ಹಲಗೆಯಲ್ಲಿ, ಕೆಳಗೆ, ಒಂದು ಸಣ್ಣ ತೂತು ಕೊರೆಸಿದ್ದೇನೆ. ಅಜ್ಜನ ಪೀಠಕ್ಕೆ ತೂತು ಮಾಡಿದ್ದು ಅಮ್ಮನಿಗೆ ಇನ್ನೂ ಗೊತ್ತಿಲ್ಲ. ತಂತಿ ಅಲ್ಲೇ ಇರುವವರೆಗೆ ಕಾಣುವುದೂ ಇಲ್ಲ.